ಗೇಮ್ ತೆರೆಯುತ್ತಿಲ್ಲವೇ? ‘ಇಲ್ಲ’ ಅಂದವರು ಯಾರು ಅಂತ ಮೊದಲು ಹುಡುಕಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಪ್ರಿಂಟರ್, ಸಿಸಿಟಿವಿ, ಅಂಗಡಿಗಳ ಬಿಲ್ಲಿಂಗ್ ಮಷಿನ್, ಇವೇ ನಮ್ಮ ಹೊಟ್ಟೆಪಾಡು. ಆದರೆ ಪರೀಕ್ಷೆ ಮುಗಿದ ವಾರದಿಂದ ಬೇರೆ ಥರದ ಗಿರಾಕಿಗಳು ಶುರುವಾಗುತ್ತಾರೆ. ವಿದ್ಯಾಗಿರಿ ಕಡೆಯಿಂದ ಒಬ್ಬ ಹುಡುಗ ಸಿಪಿಯು ಡಬ್ಬಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, "ಅಣ್ಣಾ, ಗೇಮ್ ಓಪನ್ ಆಗವಲ್ದು. ವಿಂಡೋಸ್ ಹೊಡದು ಕೊಡ್ರಿ" ಅನ್ನುತ್ತಾನೆ.

ವಿಂಡೋಸ್ ಹೊಡೆಯುವ ಅಗತ್ಯ ಬರುವುದು ತೀರಾ ಅಪರೂಪ. ಗೇಮ್ ಅಳಿಸಿ ಮತ್ತೆ ಹಾಕುವುದೂ ಅಷ್ಟೇ. ಈಗಿನ ದೊಡ್ಡ ಗೇಮ್‌ಗಳು 60, 100 ಜಿಬಿ ಇರುತ್ತವೆ. ಅಳಿಸಿದರೆ ಎರಡು ದಿನದ ಡೌನ್‌ಲೋಡ್, ಕೊನೆಗೆ ಅದೇ ಎರರ್ ಬಂದು ಎದುರು ನಿಲ್ಲುತ್ತದೆ. ಯಾಕೆಂದರೆ ತಪ್ಪು ಗೇಮ್‌ನಲ್ಲಿ ಇರುವುದೇ ಇಲ್ಲ. ಅದಕ್ಕೆ ಹಾಕಿರುವ ಬೀಗ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ.

ಈ ಬೀಗದ ಕೆಲಸ ಸರಳ. ಗೇಮ್ ಶುರುವಾದಾಗ ನಿಮ್ಮ ಖಾತೆಯ ವಿವರ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ "ಇವರು ಕೊಂಡವರೇ, ಬಿಡಿ" ಅಂತ ಸಹಿ ಹಾಕಿದ ಒಂದು ಚೀಟಿ ಬರುತ್ತದೆ. ಚೀಟಿಗೆ ಅವಧಿ ಇರುತ್ತದೆ. ಕೆಲವು ಗೇಮ್‌ಗಳು ಆ ಚೀಟಿಯನ್ನು ಒಮ್ಮೆ ನೋಡಿ ಸುಮ್ಮನಾಗುತ್ತವೆ. ಕೆಲವು ಆಗಾಗ ಹೊಸ ಚೀಟಿ ಕೇಳುತ್ತವೆ. ಇನ್ನು ಕೆಲವು ಸದಾ ಆನ್‌ಲೈನ್ ಜಾತಿಯವು: ಸ್ಟಾಪಿಗೊಮ್ಮೆ ಟಿಕೆಟ್ ತೋರಿಸು ಅನ್ನುವ ಕಂಡಕ್ಟರ್ ಹಾಗೆ, ಆಡುವಷ್ಟು ಹೊತ್ತೂ ಕೇಳುತ್ತಲೇ ಇರುತ್ತವೆ. ಉತ್ತರ ತಡವಾದರೆ ಒಬ್ಬರೇ ಆಡುತ್ತಿದ್ದರೂ ಆಟ ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ಪ್ರಶ್ನೆ ಒಂದೇ. ‘ಇಲ್ಲ’ ಅಂತ ಅಂದವರು ಯಾರು? ನಿಮ್ಮ ಕಂಪ್ಯೂಟರ್ರೋ, ನಿಮ್ಮ ನೆಟ್ ಲೈನೋ, ಅವರ ಸರ್ವರ್ರೋ? ಕೆಳಗಿನದನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ ಬರೆದಿದ್ದೇನೆ. ಪೈಸೆ ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಆಮೇಲೆ.

## "ಸರ್ವರ್ ಸಂಪರ್ಕ ಸಿಗುತ್ತಿಲ್ಲ" ಅಂತ ಶುರುವಿನಲ್ಲೇ ಬರುತ್ತದೆ

ಲಾಂಚರ್ ಅನ್ನು, ಅಂದರೆ ಗೇಮ್ ಕೊಂಡು ತೆರೆಯುವ ಸ್ಟೀಮ್‌ನಂಥ ಆ್ಯಪ್ ಅನ್ನು, ಪೂರ್ತಿ ಮುಚ್ಚಿ. ಮೂಲೆಯ ‘ಎಕ್ಸ್’ ಗುರುತು ಒತ್ತಿದರೆ ಸಾಲದು, ಕೆಳಗೆ ಗಡಿಯಾರದ ಪಕ್ಕದ ಸಣ್ಣ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸಿಟ್ ಕೊಡಿ. ಮತ್ತೆ ತೆರೆಯಿರಿ. ಆಗಲಿಲ್ಲವಾ, ಫೋನಿನ ಹಾಟ್‌ಸ್ಪಾಟ್ ಹಾಕಿ ಕಂಪ್ಯೂಟರ್ ಅನ್ನು ಅದಕ್ಕೆ ಸೇರಿಸಿ. ಲಾಗಿನ್‌ಗೆ ಖರ್ಚಾಗುವ ಡೇಟಾ ತುಂಬಾ ಕಡಿಮೆ, ಪ್ಯಾಕ್ ಖಾಲಿಯಾಗುವ ಭಯ ಬೇಡ. ಆದರೆ ಅದಕ್ಕೂ ಮೊದಲು ಅಪ್‌ಡೇಟ್ ನಿಲ್ಲಿಸಿಡಿ. ಇಲ್ಲದಿದ್ದರೆ ಲಾಂಚರ್ ಸುಮ್ನೆ 8 ಜಿಬಿ ಎಳೆಯಲು ಶುರು ಮಾಡುತ್ತದೆ.

ಹಾಟ್‌ಸ್ಪಾಟ್‌ನಲ್ಲಿ ತೆರೆದರೆ ದೋಷ ಮನೆಯ ಲೈನ್‌ನಲ್ಲಿದೆ. ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಆಗದಿದ್ದರೆ ಕಂಪ್ಯೂಟರ್‌ನ ಡಿಎನ್‌ಎಸ್ (ಸೈಟ್‌ನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸೇವೆ) ಅನ್ನು 1.1.1.1 ಅಥವಾ 8.8.8.8ಕ್ಕೆ ಬದಲಿಸಿ ನೋಡಿ. ಊರಿನ ನೆಟ್ ಕಂಪನಿಯ ಡಿಎನ್‌ಎಸ್ ಮಂಕಾದಾಗ ಉಳಿದ ಸೈಟ್‌ಗಳು ಹಳೆಯ ನೆನಪಿನ ಮೇಲೆ ತೆರೆಯುತ್ತವೆ, ಗೇಮ್ ಸರ್ವರ್‌ನ ವಿಳಾಸ ಮಾತ್ರ ಸಿಗುವುದಿಲ್ಲ.

ಹಾಟ್‌ಸ್ಪಾಟ್‌ನಲ್ಲೂ ಆಗದಿದ್ದರೆ ಅದೇ ಗೇಮ್ ಇರುವ ಗೆಳೆಯನಿಗೆ ಫೋನ್ ಮಾಡಿ. ಅವನಿಗೂ ಇಲ್ಲವೆಂದರೆ ಸರ್ವರ್ ಬಿದ್ದಿದೆ. ಕಂಪನಿಯ ಸ್ಟೇಟಸ್ ಪುಟ ನೋಡಿ ಖಾತ್ರಿ ಮಾಡಿಕೊಳ್ಳಿ. ಇಲ್ಲಿ ನಿಲ್ಲಿಸಿ. ನೀವು ಮಾಡಬಹುದಾದದ್ದು ಏನೂ ಇಲ್ಲ. ಇದು ನಮ್ಮೂರ ನೆಟ್‌ನ ಹಣೆಬರಹ ಅಂತಲೂ ಅಂದುಕೊಳ್ಳಬೇಡಿ. ಡಯಾಬ್ಲೋ 3 ಬಿಡುಗಡೆಯಾದ 2012ರ ಮೇ 15ರಂದು ಇಡೀ ಲೋಕದ ಜನ ‘ಎರರ್ 37’ ನೋಡುತ್ತಾ ಕೂತಿದ್ದರು. 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿಯದ್ದೂ ಅದೇ ಕಥೆ. 2022ರ ಮಾರ್ಚ್‌ನಲ್ಲಿ ಗ್ರ್ಯಾನ್ ಟುರಿಸ್ಮೊ 7 ಒಂದು ಅಪ್‌ಡೇಟ್ ಕೆಟ್ಟು 30 ಗಂಟೆಗೂ ಜಾಸ್ತಿ ಮಲಗಿತ್ತು. ಒಬ್ಬರೇ ಕಾರು ಓಡಿಸುವ ಭಾಗವೂ ಬಹುಪಾಲು ಮುಚ್ಚಿತ್ತು.

ಗೆಳೆಯನಿಗೆ ಆಗುತ್ತದೆ, ನಿಮಗೆ ಹಾಟ್‌ಸ್ಪಾಟ್‌ನಲ್ಲೂ ಆಗುವುದಿಲ್ಲ ಅಂದರೆ ದೋಷ ನಿಮ್ಮ ಮಷಿನ್‌ನಲ್ಲಿ ಅಥವಾ ಖಾತೆಯಲ್ಲಿದೆ. ಮುಂದಿನ ಭಾಗ ಓದಿ.

## ನೆಟ್ ಇದೆ, ಲಾಗಿನ್ ಮಾತ್ರ ಆಗುವುದಿಲ್ಲ

ಹಳೆಯ ಕಂಪ್ಯೂಟರ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡದ್ದು ಇದನ್ನೇ.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಗೇಮ್ ಬೆಳಿಗ್ಗೆ ತೆರೆಯುವುದಿಲ್ಲ, ಮಧ್ಯಾಹ್ನ ತೆರೆಯುತ್ತದೆ. ಎರಡು ಸಲ ಗೇಮ್ ಅಳಿಸಿ ಹಾಕಿದ್ದಾನೆ. ಖಾತೆಯ ಪಾಸ್‌ವರ್ಡ್ ಮೂರು ಸಲ ಬದಲಿಸಿದ್ದಾನೆ. ಕಂಪನಿಗೆ ಒಂದು ಸಿಟ್ಟಿನ ಪತ್ರವೂ ಹೋಗಿದೆ. ನಾನು ಸಿಪಿಯುಗೆ ವೈರ್ ಕೊಟ್ಟು ಆನ್ ಮಾಡಿದೆ. ಕೆಳಗಿನ ಬಲ ಮೂಲೆಯಲ್ಲಿ ತಾರೀಖು ನೋಡಿದೆ: 2015ರ ಜನವರಿ 1. ಅವನಿಗೂ ತೋರಿಸಿದೆ. "ಹೌದ್ರಿ, ದಿನಾ ಹಂಗ ತೋರಿಸ್ತದ, ಆಮ್ಯಾಲ ತಾನ ಸರಿ ಆಗ್ತದ" ಅಂದ.

ಅಷ್ಟೇ ಕಾಯಿಲೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ, ಪ್ಲಗ್ ತೆಗೆದಾಗಲೆಲ್ಲ ಕಂಪ್ಯೂಟರ್ ಹಳೆಯ ಯಾವುದೋ ವರ್ಷಕ್ಕೆ ಹೋಗುತ್ತದೆ. ಈ ಹುಡುಗ ರಾತ್ರಿ ಮಲಗುವಾಗ ಬೋರ್ಡಿನ ಸ್ವಿಚ್ ಆರಿಸುತ್ತಿದ್ದ, ಒಳ್ಳೆಯ ಅಭ್ಯಾಸವೇ. ಬೆಳಿಗ್ಗೆ ಆನ್ ಮಾಡಿದರೆ 2015. ಸ್ವಲ್ಪ ಹೊತ್ತಾದ ಮೇಲೆ ವಿಂಡೋಸ್ ನೆಟ್‌ನಿಂದ ಸಮಯ ತಂದುಕೊಂಡು ಸರಿಯಾಗುತ್ತಿತ್ತು.

ತಾರೀಖಿಗೂ ಲಾಗಿನ್‌ಗೂ ಏನು ಸಂಬಂಧ? ಸರ್ವರ್ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ 2015ರಲ್ಲಿ ಕೂತಿದ್ದರೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ‘ಇದು ನಕಲಿ’ ಅಂತ ಮಾತು ನಿಲ್ಲಿಸುತ್ತದೆ. ಬ್ರೌಸರ್ ಆದರೆ ಗಡಿಯಾರ ತಪ್ಪಿದೆ ಅಂತ ಬಾಯಿ ಬಿಟ್ಟು ಹೇಳುತ್ತದೆ. ಲಾಂಚರ್‌ಗಳು ಹೇಳುವುದಿಲ್ಲ, ಯಾವುದೋ ಒಂದು ನಂಬರ್ ತೋರಿಸಿ ಕೈ ತೊಳೆದುಕೊಳ್ಳುತ್ತವೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಡೇಟ್ ಅಂಡ್ ಟೈಮ್‌ಗೆ ಹೋಗಿ ಸಿಂಕ್ ನೌ ಒತ್ತಿ. ಜೊತೆಗೆ ಟೈಮ್ ಝೋನ್ ನೋಡಿ, ಭಾರತದ್ದು 5:30 ಮುಂದೆ ಅಂತ ಇರಬೇಕು. ಕೆಲವರ ಮಷಿನ್‌ನಲ್ಲಿ ಝೋನ್ ಅಮೆರಿಕದ್ದು ಇರುತ್ತದೆ, ಗಡಿಯಾರವನ್ನು ಮಾತ್ರ ಕೈಯಿಂದ ನಮ್ಮ ಸಮಯಕ್ಕೆ ತಿರುಗಿಸಿರುತ್ತಾರೆ. ಕಣ್ಣಿಗೆ ಎಲ್ಲಾ ಸರಿ. ಒಳಗೆ ಕಂಪ್ಯೂಟರ್ ಹದಿಮೂರು ಗಂಟೆ ಆಚೀಚೆ ಇರುತ್ತದೆ. ಸರ್ವರ್ ಕೊಟ್ಟ ಚೀಟಿ ಕೈಗೆ ಬರುವ ಮೊದಲೇ ಅವಧಿ ಮುಗಿದ ಹಾಗೆ ಕಾಣುತ್ತದೆ.

ಸರಿ ಮಾಡಿದ ತಾರೀಖು, ಪ್ಲಗ್ ಕಿತ್ತು ಹಾಕಿದ ಮೇಲೆ ಮತ್ತೆ ಹಿಂದೆ ಹೋದರೆ ಬ್ಯಾಟರಿ ಬದಲಿಸಿ. ಅಂಗಡಿಯಲ್ಲಿ ಹತ್ತಾರು ರೂಪಾಯಿಯ ಮಾಲು. ಮಲ್ಟಿಮೀಟರ್ ಇದ್ದರೆ ಅಳೆಯಿರಿ. ಹೊಸದು 3 ವೋಲ್ಟ್‌ಗೆ ಒಂಚೂರು ಮೇಲೆ ತೋರಿಸುತ್ತದೆ, 2.7ಕ್ಕಿಂತ ಕೆಳಗೆ ಬಂದಿದ್ದರೆ ಮುಗಿಯಿತು. ಹೀಗೆ ಮಾಡಿ: ಸಿಪಿಯು ಆಫ್ ಮಾಡಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕಬ್ಬಿಣದ ಕಪಾಟು ಅಥವಾ ಸಿಪಿಯುದ ಲೋಹದ ಮೈ ಒಮ್ಮೆ ಮುಟ್ಟಿ. ಬ್ಯಾಟರಿ ಪಕ್ಕದ ಸಣ್ಣ ಕ್ಲಿಪ್ ಒತ್ತಿದರೆ ಅದು ಪುಟಿದು ಮೇಲೆ ಬರುತ್ತದೆ. ಅಕ್ಷರ ಇರುವ ಮುಖ ಮೇಲೆ ಬರುವ ಹಾಗೆ ಹೊಸದನ್ನು ಕೂರಿಸಿ.

ಮೂರು ಎಚ್ಚರಿಕೆ. ಒಂದು, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಳೆಯ ಬ್ಯಾಟರಿಯನ್ನು ಟೇಬಲ್ ಮೇಲೆ ಬಿಡಬೇಡಿ. ಮಗು ನುಂಗಿದರೆ ಗಂಟಲು, ಅನ್ನನಾಳ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಎರಡು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದಾಗ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಸೆಟ್ಟಿಂಗ್ ಹಳೆಯದಕ್ಕೆ ಹೋಗಿ ಕೀ ಕೇಳಬಹುದು. ಮೂರು, ಅದೇ ಕಾರಣಕ್ಕೆ ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೆಟ್ಟಿಂಗ್ ಆಫ್ ಆಗಿರಬಹುದು. ವಿಂಡೋಸ್ 11ರಲ್ಲಿ ಅದು ಆನ್ ಇರಲೇಬೇಕು ಅನ್ನುವ ವ್ಯಾಲರಂಟ್ ಗೇಮ್ ಆಡುವವರಿಗೆ ಇದು ಹೊಸ ತಲೆನೋವು, ಬಯೋಸ್‌ಗೆ ಹೋಗಿ ಮತ್ತೆ ಆನ್ ಮಾಡಬೇಕು. ಲ್ಯಾಪ್‌ಟಾಪ್ ಆದರೆ ಬಿಚ್ಚುವ ಧೈರ್ಯ ಮಾಡಬೇಡಿ. ಅದರಲ್ಲೂ ಕೆಳಭಾಗ ಉಬ್ಬಿದ್ದರೆ ದೊಡ್ಡ ಬ್ಯಾಟರಿ ಊದಿದೆ ಅಂತ ಅರ್ಥ. ಚಾರ್ಜರ್ ಕಿತ್ತು, ಆಫ್ ಮಾಡಿ, ಅಂಗಡಿಗೆ ತನ್ನಿ.

## ಆಡುತ್ತಾ ಆಡುತ್ತಾ ಹೊರಗೆ ಹಾಕುತ್ತದೆ

"ನಮ್ಮದು 100 ಎಂಬಿಪಿಎಸ್ ಅದ ರೀ" ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಸ್ಪೀಡ್ ಮುಖ್ಯವಲ್ಲ. ಬೀಗ ಕೇಳುವುದು ಒಂದು ಚಿಟಿಕೆ ಡೇಟಾ, ಆದರೆ ಬಿಡದೆ ಬರಬೇಕು. ತೊಟ್ಟಿಕ್ಕುವ ನಲ್ಲಿ ಸಾಕು, ನಿಂತು ನಿಂತು ಬರುವ ದೊಡ್ಡ ಪೈಪು ಬೇಡ.

ಎಲ್ಲಿ ನಿಲ್ಲುತ್ತಿದೆ ಅಂತ ಹಿಡಿಯುವ ಸುಲಭ ದಾರಿ ಇದೆ. ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರ್‌ನ ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದಾ ಅಂತ ಕೇಳುವ ಆಜ್ಞೆ) ಕೊಡಿ, ಸಾಮಾನ್ಯವಾಗಿ 192.168.1.1 ಇರುತ್ತದೆ. ಇನ್ನೊಂದರಲ್ಲಿ 8.8.8.8ಕ್ಕೆ. ಎರಡಕ್ಕೂ ಕೊನೆಯಲ್ಲಿ ‘ಹೈಫನ್ ಟಿ’ (-t) ಸೇರಿಸಿದರೆ ನಿಲ್ಲದೆ ಓಡುತ್ತವೆ. ಈಗ ಗೇಮ್ ಆಡಿ. ಹೊರಗೆ ಹಾಕಿದ ತಕ್ಷಣ ಎರಡೂ ಕಿಟಕಿ ನೋಡಿ.

ರೂಟರ್‌ನ ಸಾಲೂ ಕಡಿದಿದ್ದರೆ ತಪ್ಪು ಮನೆಯೊಳಗಿನ ವೈಫೈದು. ಒಂದು ಲ್ಯಾನ್ ಕೇಬಲ್ ಎಳೆದು ನೋಡಿ, ಅಲ್ಲಿಗೇ ಮುಗಿಯಬಹುದು. ರೂಟರ್ ಸರಿ ಇದ್ದು 8.8.8.8 ಮಾತ್ರ ಕಡಿದಿದ್ದರೆ ಹೊರಗಿನ ಲೈನ್. ಆ ಹೊತ್ತು ಬರೆದಿಟ್ಟುಕೊಳ್ಳಿ, ನೆಟ್ ಕಂಪನಿಯವರಿಗೆ "ನೆಟ್ ಸರಿ ಇಲ್ಲ" ಅನ್ನುವುದಕ್ಕಿಂತ "ರಾತ್ರಿ 9:40ಕ್ಕೆ ಹದಿನೈದು ಸೆಕೆಂಡ್ ಕಡಿಯಿತು" ಅಂದರೆ ಕೆಲಸ ಆಗುತ್ತದೆ. ಎರಡೂ ಸಾಲು ಸರಾಗ ಓಡಿದ್ದರೆ, ಹೊರಗೆ ಹಾಕಿದ್ದು ಗೇಮ್ ಸರ್ವರ್.

ನಮ್ಮ ಕಡೆ ಇನ್ನೊಂದು ಕಾರಣ ಇದೆ, ಅದು ಕಣ್ಣಿಗೇ ಬೀಳುವುದಿಲ್ಲ. ಕರೆಂಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಸಿಪಿಯು ಯುಪಿಎಸ್ ಮೇಲೆ ಇರುವುದರಿಂದ ಏನೂ ಆಗುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ. ಆದರೆ ಹಾಲ್‌ನ ಮೂಲೆಯ ರೂಟರ್ ರೀಸ್ಟಾರ್ಟ್ ಆಗಿರುತ್ತದೆ, ಮತ್ತೆ ಹಿಡಿಯಲು ಎರಡು ನಿಮಿಷ. ನೀವು ಗೇಮ್ ಅನ್ನು ಬೈಯುತ್ತೀರಿ. ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿದರೆ ಈ ಕಾಟ ಹೋಗುತ್ತದೆ. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲಿನ ಚೀಟಿ ಓದಿ. 12 ವೋಲ್ಟ್ ಇದೆಯೋ 9 ಇದೆಯೋ, ಎಷ್ಟು ಆಂಪಿಯರ್? ಪಿನ್ ಹೊಂದಿತು ಅಂತ 9 ವೋಲ್ಟ್ ರೂಟರ್‌ಗೆ 12 ಚುಚ್ಚಿದರೆ ಹೊಗೆ ಬರಬಹುದು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಟಿವಿ ಹಿಂದೆ, ಮುಚ್ಚಿದ ಷೋಕೇಸ್‌ನಲ್ಲಿ ಇಟ್ಟ ರೂಟರ್ ಕಾದು ಹೀಗೇ ಆಡುತ್ತದೆ. ಮೈ ಮುಟ್ಟಿ ನೋಡಿ. ಬಯಲಿಗೆ ತಂದಿಟ್ಟರೆ ಸರಿಹೋದದ್ದು ಎಷ್ಟೋ ಸಲ. ಅದೇ ತಿಂಗಳುಗಳ ಗುಡುಗು ಮಳೆಗೆ ರೂಟರ್‌ನ ಪ್ಲಗ್, ಲ್ಯಾನ್ ಕೇಬಲ್ ಎರಡೂ ಕಿತ್ತಿಡಿ. ಸಿಡಿಲು ಬಡಿದ ಸಂಜೆಯ ಮರುದಿನ ನಮ್ಮ ಅಂಗಡಿಯಲ್ಲಿ ಸತ್ತ ಲ್ಯಾನ್ ಪೋರ್ಟ್‌ಗಳ ಸಂತೆ.

ರೂಟರ್‌ನಲ್ಲಿ ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿದ್ದರೆ ಫೈಬರ್ ಕಡಿದಿದೆ ಅಥವಾ ಮಡಚಿದೆ. ಇಲ್ಲಿ ನಿಲ್ಲಿಸಿ, ಲೈನ್‌ಮನ್‌ಗೆ ಫೋನ್ ಮಾಡಿ. ಹಳದಿ ವೈರಿನ ತುದಿ ಕಿತ್ತು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

## "ಜಾಸ್ತಿ ಕಂಪ್ಯೂಟರ್‌ಗಳಲ್ಲಿ ಬಳಸಿದ್ದೀರಿ, 24 ಗಂಟೆ ಕಾಯಿರಿ"

ಇದು ಹೆಚ್ಚಾಗಿ ಡೆನುವೊ ಅನ್ನುವ ಬೀಗ. ಆಸ್ಟ್ರಿಯಾದ ಕಂಪನಿಯದು, 2014ರಲ್ಲಿ ಫಿಫಾ 15ರ ಜೊತೆ ಬಂತು. ಇದು ಸದಾ ಆನ್‌ಲೈನ್ ಕೇಳುವುದಿಲ್ಲ, ಆದರೆ ಮಷಿನ್ ಬದಲಾಯಿತು ಅನ್ನಿಸಿದಾಗೆಲ್ಲ ಹೊಸ ಚೀಟಿ ಕೇಳುತ್ತದೆ. ಒಂದೇ ದಿನ ಅಂಥ ಚೀಟಿ ಐದಾದರೆ ಬಾಗಿಲು ಹಾಕುತ್ತದೆ.

ನೀವು ಒಂದೇ ಕಂಪ್ಯೂಟರ್‌ನಲ್ಲಿ ಆಡಿರಬಹುದು. ಆದರೂ ಸ್ಟೀಮ್ ಡೆಕ್ (ಕೈಯಲ್ಲಿ ಹಿಡಿಯುವ ಗೇಮ್ ಮಷಿನ್) ಅಥವಾ ಲಿನಕ್ಸ್‌ನಲ್ಲಿ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಆವೃತ್ತಿ ಬದಲಿಸುತ್ತಾ ಹೋದರೆ ಪ್ರತಿಯೊಂದೂ ಹೊಸ ಮಷಿನ್ ಅಂತ ಎಣಿಕೆಯಾಗುತ್ತದೆ. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ ಬಂದಾಗ ಇನ್ನೂ ತಮಾಷೆಯಾಯಿತು. ಅದರಲ್ಲಿ ದೊಡ್ಡ, ಸಣ್ಣ ಅಂತ ಎರಡು ಥರದ ಕೋರ್‌ಗಳಿವೆ (ಲೆಕ್ಕ ಮಾಡುವ ಘಟಕಗಳು). ಕೆಲವು ಗೇಮ್‌ಗಳ ಬೀಗ ಅವನ್ನು ಎರಡು ಬೇರೆ ಕಂಪ್ಯೂಟರ್ ಅಂದುಕೊಂಡು ಆಟ ನಿಲ್ಲಿಸಿತು. ಸ್ಕ್ರಾಲ್ ಲಾಕ್ ಕೀ ಒತ್ತಿ ಸಣ್ಣ ಕೋರ್‌ಗಳನ್ನು ಮಲಗಿಸುವ ಉಪಾಯವನ್ನು ಇಂಟೆಲ್ಲೇ ಹೇಳಬೇಕಾಯಿತು. ಆ ಕೀಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ಮೊದಲ ಕೆಲಸ ಅದೇ ಇರಬೇಕು.

ಪರಿಹಾರ: ಏನೂ ಮಾಡದೆ ಒಂದು ದಿನ ಬಿಡಿ. ಮತ್ತೆ ಮತ್ತೆ ಒತ್ತಿ ನೋಡಬೇಡಿ. ಆಮೇಲೆ ಗೇಮ್ ಅಪ್‌ಡೇಟ್, ಬಯೋಸ್ ಅಪ್‌ಡೇಟ್ ಇದೆಯಾ ನೋಡಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಕಥೆ ಮುಗಿಯಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

## ಊರಿಗೆ ಹೋದಾಗ ಆಫ್‌ಲೈನ್ ಮೋಡ್ ಕೈ ಕೊಡುತ್ತದೆ

ಹುನಗುಂದದ ಆಚೆಯ ಹಳ್ಳಿಗೆ ಲ್ಯಾಪ್‌ಟಾಪ್ ಒಯ್ದು, ಅಲ್ಲಿ ಆಫ್‌ಲೈನ್ ಒತ್ತಿದರೆ ಆಗುವುದಿಲ್ಲ. ನೆಟ್ ಇರುವಾಗಲೇ ತಯಾರಿ ಬೇಕು. ಸ್ಟೀಮ್‌ನಲ್ಲಿ ಲಾಗಿನ್ ಆಗುವಾಗ ಪಾಸ್‌ವರ್ಡ್ ನೆನಪಿಡು ಅನ್ನುವ ಗುರುತು ಹಾಕಿ. ಅಪ್‌ಡೇಟ್ ಎಲ್ಲಾ ಮುಗಿಸಿ. ಆಡಬೇಕೆಂದಿರುವ ಪ್ರತಿ ಗೇಮ್ ಅನ್ನೂ ಒಮ್ಮೆ ತೆರೆದು, ಮುಖ್ಯ ಮೆನುವರೆಗೆ ಹೋಗಿ ಮುಚ್ಚಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ, ನೆಟ್ ಕಿತ್ತು, ಮನೆಯಲ್ಲೇ ಒಂದು ಸಲ ಪರೀಕ್ಷೆ ಮಾಡಿ.

ಸ್ಟೀಮ್‌ನಲ್ಲಿ ಕೊಂಡರೂ ಯೂಬಿಸಾಫ್ಟ್, ಇಎ, ರಾಕ್‌ಸ್ಟಾರ್ ಗೇಮ್‌ಗಳಿಗೆ ಅವರದೇ ಇನ್ನೊಂದು ಲಾಂಚರ್ ಇರುತ್ತದೆ. ಹೊರಬಾಗಿಲು ತೆರೆದರೂ ಒಳಬಾಗಿಲಿಗೆ ಬೇರೆ ಕೀಲಿ. ಅದಕ್ಕೂ ಬೇರೆಯಾಗಿ ತಯಾರಿ ಮಾಡಬೇಕು. ಇಷ್ಟಾದರೂ ಆಗದಿದ್ದರೆ ಆ ಗೇಮ್ ಸದಾ ಆನ್‌ಲೈನ್ ಜಾತಿಯದು. ನೀವು ಏನು ಮಾಡಿದರೂ ಅಷ್ಟೇ.

## ಹಳೆಯ ಸಿಡಿ ಗೇಮ್ ಹೊಸ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ

ಸೇಫ್‌ಡಿಸ್ಕ್ ಅನ್ನುವ ಹಳೆಯ ಬೀಗಕ್ಕೆ ಬೇಕಾದ ಡ್ರೈವರ್‌ನಲ್ಲಿ ಭದ್ರತೆಯ ತೂತು ಇತ್ತು. ವಿಂಡೋಸ್ 10 ಅದನ್ನು ಓಡಲು ಬಿಡುವುದಿಲ್ಲ. ಸೆಕ್ಯೂರಾಮ್ ಅನ್ನುವ ಇನ್ನೊಂದು ಬೀಗದ ಹಳೆಯ ಆವೃತ್ತಿಗಳದ್ದೂ ಅದೇ ಗತಿ. ಆ ಡ್ರೈವರ್ ಅನ್ನು ಮತ್ತೆ ಎಬ್ಬಿಸುವ ವಿಡಿಯೋಗಳನ್ನು ನಂಬಬೇಡಿ. ಅದೇ ಗೇಮ್ ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಬೀಗವಿಲ್ಲದೆ ಮಾರಾಟಕ್ಕಿದೆಯಾ ನೋಡಿ. 2008ರಿಂದ ಅವರ ವ್ಯಾಪಾರವೇ ಅದು. ಸೇಲ್ ಇದ್ದಾಗ ಒಂದು ಮಿರ್ಚಿ ಭಜಿ, ಚಹಾದ ಖರ್ಚಿನಷ್ಟಕ್ಕೇ ಸಿಗುವುದೂ ಉಂಟು.

## "ಗೆಳೆಯನ ಕ್ರ್ಯಾಕ್ ಓಡುತ್ತದೆ, ನಾನು ಕೊಂಡಿದ್ದು ಓಡುವುದಿಲ್ಲ"

ಕ್ರ್ಯಾಕ್ ಅಂದರೆ ಬೀಗ ಮುರಿದ ಕಳ್ಳ ಪ್ರತಿ. ಇದನ್ನು ದೋಷ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಆದರೆ ಕೌಂಟರ್ ಮುಂದೆ ಇದನ್ನು ಹೇಳುವಾಗ ಹುಡುಗರ ಮುಖ ನೋಡಬೇಕು.

ಹಾಗಾದರೆ ಈ ಬೀಗ ಕೆಲಸ ಮಾಡುತ್ತದಾ? ಅರ್ಧ ಮಾಡುತ್ತದೆ. 2010ರಲ್ಲಿ ಯೂಬಿಸಾಫ್ಟ್, ಅಸಾಸಿನ್ಸ್ ಕ್ರೀಡ್ 2 ಮತ್ತು ಸೈಲೆಂಟ್ ಹಂಟರ್ 5ಕ್ಕೆ ಸದಾ ಆನ್‌ಲೈನ್ ಬೀಗ ಹಾಕಿತು. ಆ ಮಾರ್ಚ್‌ನಲ್ಲೇ ಯಾರೋ ಸರ್ವರ್ ಮೇಲೆ ದಾಳಿ ಮಾಡಿದರು. ಹೊರಗೆ ನಿಂತವರು ದುಡ್ಡು ಕೊಟ್ಟವರು. 2012ರ ಹೊತ್ತಿಗೆ ಕಂಪನಿ ಆ ಪದ್ಧತಿ ಬಿಟ್ಟು, ಒಮ್ಮೆ ಆಕ್ಟಿವೇಟ್ ಮಾಡಿದರೆ ಸಾಕು ಅಂದಿತು. ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ನೆಟ್ ಕೇಳುತ್ತದೆ ಅಂತ 2013ರಲ್ಲಿ ಹೇಳಿದ ಮೈಕ್ರೋಸಾಫ್ಟ್, ಜನ ಉಗಿದ ಮೇಲೆ ಅದೇ ಜೂನ್‌ನಲ್ಲಿ ಹಿಂದೆ ಸರಿಯಿತು. ಸಿಮ್‌ಸಿಟಿಗೆ ಸರ್ವರ್ ಇಲ್ಲದೆ ಆಗುವುದೇ ಇಲ್ಲ ಅಂದಿದ್ದರು. ಒಬ್ಬ ಮಾಡರ್ (ಗೇಮ್‌ನ ಕೋಡ್ ತಿದ್ದುವ ಹವ್ಯಾಸಿ) ಆ ತಿಂಗಳೇ ನೆಟ್ ಇಲ್ಲದೆ ಓಡಿಸಿ ತೋರಿಸಿದ. ಮರುವರ್ಷ ಕಂಪನಿಯೇ ಆಫ್‌ಲೈನ್ ಮೋಡ್ ಕೊಟ್ಟಿತು.

ಇನ್ನೊಂದು ಕಡೆಯೂ ಇದೆ. ವಿಲಿಯಂ ವೋಲ್ಕ್‌ಮನ್ ಅನ್ನುವ ಸಂಶೋಧಕ 2014ರಿಂದ 2022ರವರೆಗೆ ಡೆನುವೊ ಹಾಕಿದ್ದ 86 ಗೇಮ್‌ಗಳ ಲೆಕ್ಕ ತೆಗೆದು 2024ರಲ್ಲಿ ಪ್ರಕಟಿಸಿದರು. ಬಿಡುಗಡೆಯ ಮೊದಲ ವಾರವೇ ಬೀಗ ಮುರಿದರೆ ಆದಾಯದಲ್ಲಿ ಸರಾಸರಿ ಶೇ. 20ರಷ್ಟು ಹೋಗುತ್ತದೆ. ಹನ್ನೆರಡು ವಾರ ತಡೆದರೆ, ಆಮೇಲೆ ಮುರಿದರೂ ನಷ್ಟ ಹೆಚ್ಚುಕಡಿಮೆ ಇಲ್ಲ. ಕಂಪನಿಗೆ ಬೀಗ ಬೇಕಾಗಿರುವುದು ಮೂರು ತಿಂಗಳಿಗೆ. ಬುದ್ಧಿವಂತರು ಆಮೇಲೆ ತೆಗೆಯುತ್ತಾರೆ. 2016ರ ಮೇ ತಿಂಗಳಲ್ಲಿ ಬಂದ ಡೂಮ್‌ನಿಂದ ಡೆನುವೊ ಡಿಸೆಂಬರ್‌ನಲ್ಲೇ ಹೋಯಿತು. ಉಳಿದವರು ಬಿಟ್ಟಿರುತ್ತಾರೆ. ಜಾತ್ರೆ ಮುಗಿದರೂ ಬ್ಯಾರಿಕೇಡ್ ತೆಗೆಯದ ಹಾಗೆ. ಅದಕ್ಕೆ ನನ್ನ ಸಲಹೆ, ಅವಸರ ಇಲ್ಲದಿದ್ದರೆ ಹೊಸ ಗೇಮ್ ಅನ್ನು ಆರು ತಿಂಗಳು ಬಿಟ್ಟು ಕೊಳ್ಳಿ. ಬೀಗವೂ ಸಡಿಲವಾಗಿರಬಹುದು, ಬೆಲೆಯೂ ಇಳಿದಿರುತ್ತದೆ.

ಸಿಟ್ಟಿಗೆ ಕ್ರ್ಯಾಕ್ ಹಾಕಿಕೊಳ್ಳುವುದು ಮಾತ್ರ ಬೇಡ. ಕ್ರ್ಯಾಕ್ ಫೈಲ್ ಮೊದಲು ಕೇಳುವುದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಅದೇ ಕಂಪ್ಯೂಟರ್‌ನಲ್ಲಿ ಅಪ್ಪನ ಬ್ಯಾಂಕ್ ಲಾಗಿನ್ ಇರುತ್ತದೆ. ಕಾನೂನೂ ಇದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಈಗಾಗಲೇ ಹಾಕಿ, ಖಾತೆಯಿಂದ ದುಡ್ಡು ಹೋದ ಅನುಮಾನ ಬಂದರೆ ನೆಟ್ ಕಿತ್ತು, ಬೇರೆ ಫೋನ್‌ನಿಂದ ಪಾಸ್‌ವರ್ಡ್ ಬದಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ತಡ ಮಾಡಬೇಡಿ.

## ಸ್ಟೇಟಸ್ ಪುಟವೇ ಇಲ್ಲ, ಗೇಮ್ ಅಂಗಡಿಯಿಂದಲೂ ಮಾಯ

ಇದಕ್ಕೆ ನಮ್ಮೂರಲ್ಲಿ ಹೊಸ ಪದ ಬೇಡ. ಮುಳುಗಡೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ಮನೆಗಳು ಗಟ್ಟಿಯಾಗಿಯೇ ಇದ್ದವು. ಗೋಡೆ ಬಿರುಕು ಬಿಟ್ಟಿರಲಿಲ್ಲ, ಮಾಳಿಗೆ ಸೋರುತ್ತಿರಲಿಲ್ಲ. ಆದರೂ ಬಿಟ್ಟು ಬರಬೇಕಾಯಿತು. ನಮ್ಮ ಅಂಗಡಿ ಇರುವ ನವನಗರ ಹುಟ್ಟಿದ್ದೇ ಹಾಗೆ. ದಿ ಕ್ರೂ ಅನ್ನುವ ಕಾರ್ ರೇಸ್ ಗೇಮ್ 2014ರಲ್ಲಿ ಬಂದು, 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ಡಿಸ್ಕ್ ಕೈಯಲ್ಲಿದ್ದರೂ ಒಬ್ಬರೇ ಆಡಲೂ ಆಗದು. ನಮಗೆ ಪರಿಹಾರ ಕಡಿಮೆ ಬಂತು, ತಡವಾಗಿ ಬಂತು ಅಂತ ಹಿರಿಯರು ಇವತ್ತಿಗೂ ಜಗಳ ಕಾಯುತ್ತಾರೆ. ಗೇಮ್ ಕೊಂಡವರಲ್ಲಿ ಹೆಚ್ಚಿನವರಿಗೆ ಜಗಳ ಕಾಯಲೂ ಜಾಗ ಇರಲಿಲ್ಲ. ಅದರ ಮೇಲೇ ರಾಸ್ ಸ್ಕಾಟ್ ಅನ್ನುವವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರು ಮಾಡಿದರು. 2025ರಲ್ಲಿ ಯುರೋಪ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಇಂಥ ಗೇಮ್ ತಂದರೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ರಿಪೇರಿ ಇಲ್ಲ ಅಂತ ಹೇಳಿ ಕಳಿಸುತ್ತೇನೆ. ಸ್ಟೀಮ್‌ನಲ್ಲಿ ಈಗಷ್ಟೇ ಕೊಂಡಿದ್ದರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು. ಬೇರೆ ಮಾರಾಟಗಾರರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂದಿನ ಸಲ ಕೊಳ್ಳುವ ಮೊದಲು ಸ್ಟೀಮ್ ಪುಟದ ಬಲಗಡೆ ಕಣ್ಣು ಹಾಯಿಸಿ. ಡೆನುವೊ ಇದೆ, ಬೇರೆ ಖಾತೆ ಬೇಕು ಅನ್ನುವುದನ್ನು ಅಲ್ಲಿ ಬರೆದಿರುತ್ತಾರೆ.

## ಸಪೋರ್ಟ್‌ಗೆ ಬರೆಯುವ ಹೊತ್ತು

ಹಾಟ್‌ಸ್ಪಾಟ್‌ನಲ್ಲೂ ಇಲ್ಲ, ಗಡಿಯಾರ ಸರಿ ಇದೆ, ಗೆಳೆಯನಿಗೆ ಆಗುತ್ತದೆ, 24 ಗಂಟೆ ಕಾದೂ ಆಯಿತು. ಹಾಗಿದ್ದರೆ ತಪ್ಪು ನಿಮ್ಮ ಖಾತೆಯಲ್ಲಿದೆ, ಅದನ್ನು ಕಂಪನಿಯೇ ಬಿಡಿಸಬೇಕು. ಎರರ್‌ನ ಫೋಟೋ, ಆದ ದಿನ ಮತ್ತು ಗಂಟೆ, ಕೊಂಡ ರಸೀದಿ, ಮೇಲೆ ಮಾಡಿದ ಪರೀಕ್ಷೆಗಳು, ಇಷ್ಟನ್ನು ಮೊದಲ ಪತ್ರದಲ್ಲೇ ಹಾಕಿ. ಇಲ್ಲದಿದ್ದರೆ "ರೂಟರ್ ರೀಸ್ಟಾರ್ಟ್ ಮಾಡಿದ್ದೀರಾ" ಅನ್ನುವ ಉತ್ತರದಲ್ಲೇ ಮೂರು ದಿನ ಹೋಗುತ್ತದೆ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಬೇಡಿ, ಲಾಂಚರ್ ಒಳಗಿನ ಸಪೋರ್ಟ್ ಕೊಂಡಿಯಿಂದಲೇ ಹೋಗಿ. ಒಟಿಪಿ ಕೇಳಿದವರು ಯಾರೇ ಆಗಲಿ, ಫೋನ್ ಇಡಿ.

ಆ ಬೆಳಗಿನ 2015ರ ಹುಡುಗನ ಹಳೆಯ ಬ್ಯಾಟರಿಯನ್ನು ಟೇಪ್ ಸುತ್ತಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಹೊಸದು ಹಾಕಿ ಕೊಟ್ಟ ಸಂಜೆಯೇ ಅವನ ಫೋನ್ ಬಂತು. "ಅಣ್ಣಾ, ಓಪನ್ ಆತು. ಆದ್ರ ಈಗ 40 ಜಿಬಿ ಅಪ್‌ಡೇಟ್ ಕೇಳಾಕತ್ತದ."